ದೊಡ್ಡಕ್ಕ ಶ್ರುತಿ ಇಳಿಸಿದಳು

ದೊಡ್ಡಕ್ಕ ಬಾಯಿ ತೆರೆಯುವ ಮೊದಲೇ ಹಾಡು ಶುರುವಾಗಿಬಿಟ್ಟಿತು. ಸ್ಪೀಕರ್‌ಗಳಿಂದ ಬರುತ್ತಿದ್ದದ್ದು ಅವಳದೇ ದನಿ, ಇಪ್ಪತ್ತೆರಡು ವರ್ಷದ ಹಿಂದಿನದು. ಸಂಜೆ ನಾಟಕದ ಪ್ರದರ್ಶನ, ಇದು ಕೊನೆಯ ತಾಲೀಮು. ಮಗನನ್ನು ಕಳೆದುಕೊಂಡ ರಾಣಿಯ ಪಾತ್ರ ಅವಳದು, ನಿರ್ದೇಶನವೂ ಅವಳದೇ. ಹಾರ್ಮೋನಿಯಂ ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ಅಂದರೆ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

ಕಂಪನಿ ನಡೆಸುತ್ತಿದ್ದ ತಮ್ಮ ಮುಂದಿನ ಸಾಲಿನಿಂದ ಎದ್ದು ಬಂದ. "ಕೋಪ ಮಾಡ್ಕೋಬೇಡ ಅಕ್ಕ. ಮೇಲಿನ ಸ್ವರಕ್ಕೆ ಹೋದ್ರೆ ನಿನ್ನ ದನಿ ಒಡೀತಿದೆ. ಸುಮ್ನೆ ತುಟಿ ಆಡಿಸು, ಸಾಕು. ಹಾಡೋದೂ ನೀನೇ ತಾನೆ?"

"ನಾನಲ್ಲ ಕಣೋ! ಅವಳಿಗಾಗ ಮೂವತ್ತು. ಚಪ್ಪಾಳೆಗೆ ಹಾಡ್ತಿದ್ಲು. ಸಾವು ಅಂದ್ರೇನು ಅಂತ ಅವಳಿಗೇನು ಗೊತ್ತಿತ್ತು?" ದೊಡ್ಡಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿರಬಿರನೆ ಹೋಗಿ ಸ್ಪೀಕರಿನ ವೈರನ್ನು ಕಿತ್ತೆಸೆದಳು. "ಮೇಷ್ಟ್ರೇ, ಶ್ರುತಿ ಎರಡು ಸ್ವರ ಕೆಳಗಿಳಿಸಿ." ಮೇಷ್ಟ್ರು ತಮ್ಮನ ಮುಖ ನೋಡಿದರು. "ಅವನ ಮುಖದಲ್ಲೇನಿದೆ? ನಿರ್ದೇಶಕಿ ಇಲ್ಲಿದ್ದೀನಿ!"

ಹಾರ್ಮೋನಿಯಂ ದನಿ ಎದ್ದಿತು. ಸಿಟ್ಟು ಇನ್ನೂ ಗಂಟಲಲ್ಲೇ ಇತ್ತು, ಅದನ್ನಿಟ್ಟುಕೊಂಡೇ ಅವಳು ಹಾಡಿದಳು. ಮಗನ ಹೆಸರು ಬರುವಲ್ಲಿ ದನಿ ಒಡೆಯಿತು. ಅವಳು ಮುಚ್ಚಿಡಲು ಹೋಗಲಿಲ್ಲ. ಒಡೆದ ದನಿಯಲ್ಲೇ ಮತ್ತೊಮ್ಮೆ, ಇನ್ನೂ ಜೋರಾಗಿ, ಆ ಹೆಸರು ಕೂಗಿದಳು. ರಂಗದ ಪಕ್ಕ ನಿಂತಿದ್ದ ದೀಪದವನು ಕಣ್ಣೊರೆಸಿಕೊಂಡ.

ತಮ್ಮ ಏನೋ ಹೇಳಹೊರಟ. ಮೇಷ್ಟ್ರು ಅವನತ್ತ ತಿರುಗದೆ ಅವಳನ್ನೇ ಕೇಳಿದರು.

"ಅಕ್ಕಾ, ಸಂಜೆಗೂ ಇದೇ ಶ್ರುತಿ ತಾನೆ?"