ಗಂಡನ ಎಡಿಟರ್

ಎಲ್ಲ ಹೆಣ್ಣುಮಕ್ಕಳಿಗೂ ಮಾಡುವ ಹಾಗೆ, ಮದುವೆಯ ಅಕ್ಕಿಕಾಳು ಬಿದ್ದ ಮರುದಿನವೇ ಸಾವಂತ್ರಿ ಬರೆಯಲು ಬಳಸುವ ಎಡಿಟರ್ ತಂತ್ರಾಂಶದೊಳಗೆ ಗಂಡ ಮಹಾಂತೇಶನ ಎಡಿಟರನ್ನು ಕೂರಿಸಿದ್ದರು. ಅಂದಿನಿಂದ ಅವಳು ಏನೇ ಟೈಪ್ ಮಾಡಿದರೂ ಗಂಡನ ಎಡಿಟರ್ ಅದನ್ನು ತಿದ್ದಿಯೇ ಪರದೆಗೆ ಬಿಡುತ್ತಿತ್ತು. ತವರಿಗೆ 'ಹೊಡೆಯುತ್ತಾರೆ' ಎಂದು ಬರೆದರೆ 'ಚೆನ್ನಾಗಿ ನೋಡಿಕೊಳ್ಳುತ್ತಾರೆ' ಎಂದು ಹೋಗುತ್ತಿತ್ತು. ಒಂಬತ್ತು ವರ್ಷ ಸಹಿಸಿ, ಇವತ್ತು ನೋಂದಣಿ ಕಚೇರಿಗೆ ಬಂದಿದ್ದಳು.

"ಇದನ್ನ ತಗದ ಬಿಡ್ರಿ," ಎಂದಳು.

ಕೌಂಟರಿನಲ್ಲಿದ್ದ ಇಂದುಮತಿ ಕೀಬೋರ್ಡನ್ನು ಅವಳತ್ತ ಸರಿಸಿದಳು. "ಬಾಯಿಮಾತ ನಡ್ಯಾಂಗಿಲ್ರಿ ಅಕ್ಕಾರ. ಹೆಬ್ಬೆಟ್ಟ ಒತ್ತಿದ್ರ ನಿಮ್ಮ ಎಡಿಟರ್ ಇಲ್ಲೇ ತೆರೀತೈತಿ, ಅದರಾಗ ಅರ್ಜಿ ಬರೀರಿ."

ಸಾವಂತ್ರಿ ಒಂದೊಂದೇ ಅಕ್ಷರ ಒತ್ತಿದಳು: 'ನನ್ನ ಗಂಡನ ಎಡಿಟರ್ ತೆಗೆಯಿರಿ.' ಪರದೆಯ ಮೇಲೆ ಮೂಡಿತು: 'ನನಗೆ ಯಾವ ತೊಂದರೆಯೂ ಇಲ್ಲ.' ಅಳಿಸಿ ಮತ್ತೆ ಬರೆದಳು. ಈ ಸಲ 'ನಿಮ್ಮ ಸಮಯ ಹಾಳು ಮಾಡಿದ್ದಕ್ಕೆ ಕ್ಷಮಿಸಿ' ಎಂದೂ ಸೇರಿಕೊಂಡಿತು.

"ನೋಡ್ರಿ, ಹಿಂಗ ಮಾಡತೈತಿ," ಎಂದಳು.

ಅವಳ ಮೊಣಕೈ ಮೇಲಿನ ಬಾವು ಇಂದುಮತಿಯ ಕಣ್ಣಿಗೆ ಬಿತ್ತು. ಇಂಥವರು ದಿನಾ ಬರುತ್ತಿದ್ದರು, ಹೋಗುತ್ತಿದ್ದರು. ಇವತ್ತು ಯಾಕೋ ಅವಳಿಗೆ ತಡೆಯಲಾಗಲಿಲ್ಲ.

"ತಡೀರಿ, ನಾನ ಬರೀತೀನಿ," ಎಂದು ತನ್ನ ಪರದೆಯನ್ನು ಎಳೆದುಕೊಂಡಳು. 'ಈಕೆಯನ್ನು ಗಂಡ ಹೊಡೆಯುತ್ತಾನೆ, ಅವನ ಎಡಿಟರನ್ನು ಕೂಡಲೇ ತೆಗೆಯಿರಿ' ಎಂದು ಟೈಪ್ ಮಾಡಿದಳು. ಇಂಥ ಮಾತನ್ನು ಅವಳು ಯಾವತ್ತೂ ಬರೆದು ನೋಡಿರಲಿಲ್ಲ.

ಮೂಡಿದ್ದನ್ನು ಓದಿ ಪರದೆಯನ್ನು ಸಾವಂತ್ರಿಯತ್ತ ತಿರುಗಿಸಿದಳು. 'ಅರ್ಜಿದಾರರು ನಗುತ್ತಾ ಮನೆಗೆ ಮರಳಿದರು' ಎಂದಿತ್ತು.

"ನಂದೂ ಲಗ್ನ ಆಗೇತ್ರಿ ಅಕ್ಕಾರ," ಎಂದಳು ಇಂದುಮತಿ.