ನಾನೂರ ಹನ್ನೆರಡನೇ ಪುಟ

"ತುಂಬಾ ಸೊರಗಿದ್ದಾರಾ ಸಾರ್?"

ಸೇನಾ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಶಿಕ್ಷೆಯಾದ ಸೈನಿಕರ ಪರವಾಗಿ ಮೇಲ್ಮನವಿ ನಡೆಸುವುದೇ ಅವರ ಇಪ್ಪತ್ತೆಂಟು ವರ್ಷದ ಕೆಲಸ. ಇವತ್ತು ಕೊನೆಯ ದಿನ. ಶುಭಾಶಯ ಹೇಳುವವರ ಫೋನು ಬೆಳಗಿನಿಂದ ಬಡಿದುಕೊಳ್ಳುತ್ತಲೇ ಇತ್ತು, ಅವರು ಎತ್ತುತ್ತಿರಲಿಲ್ಲ. ಎದುರಿಗೆ ಕೂತಿದ್ದವಳು ಅವರ ಕೊನೆಯ ಕಕ್ಷಿದಾರನ ಹೆಂಡತಿ. ಏಳು ವರ್ಷದ ಶಿಕ್ಷೆಯಲ್ಲಿ ಎರಡು ಕಡಿಮೆಯಾಗಿದೆ, ಎರಡು ಕಳೆದಿದೆ, ಇನ್ನು ಮೂರು ಉಳಿದಿದೆ ಎಂದು ಆಗಲೇ ಹೇಳಿಯಾಗಿತ್ತು. ಅವಳು ಅಳಲಿಲ್ಲ. ಬೆರಳು ಮಡಚಿ, "ಮಗಳಿಗೆ ಆಗ ಎಂಟಾಗಿರುತ್ತೆ" ಎಂದಿದ್ದಳು.

"ನಾನು ಅವನನ್ನ ನೋಡಿಲ್ಲಮ್ಮ."

"ಈಚೆಗೆ ನೋಡಿಲ್ವಾ?"

"ಯಾವತ್ತೂ ನೋಡಿಲ್ಲ. ಜೈಲು ಎಲ್ಲೋ ಇರುತ್ತೆ, ನಾವು ಇಲ್ಲಿ. ಕೆಳಗಿನ ಕೋರ್ಟಲ್ಲಿ ಆಡಿದ ಮಾತೆಲ್ಲ ಟೈಪಾಗಿ ಬರುತ್ತೆ. ಅದನ್ನ ಓದಿ ವಾದ ಮಾಡೋದು. ಇಷ್ಟು ವರ್ಷದಲ್ಲಿ ಒಬ್ಬನ ಮುಖಾನೂ ಕಂಡಿಲ್ಲ."

ಅವಳು ಚೀಲ ತಡಕಿ ಒಂದು ಫೋಟೋ ಕೊಟ್ಟಳು. ವಕೀಲರು ಎದ್ದು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕಿವಿ ಇಷ್ಟು ದೊಡ್ಡದಾ? ನಾನು ಮನಸ್ಸಲ್ಲೇ ಇವನಿಗೆ ಮೀಸೆ ಬೇರೆ ಇಟ್ಟಿದ್ದೆ."

"ಎಲ್ಲಿ ಬರ್ಬೇಕು ಸಾರ್ ಮೀಸೆ. ಇರೋದು ನಾಲ್ಕು ಕೂದಲು, ಅದಕ್ಕೇ ದಿನಾ ಅರ್ಧ ಗಂಟೆ ಕನ್ನಡಿ." ನಕ್ಕವಳು ನಡುವೆಯೇ ನಿಲ್ಲಿಸಿ, ಮೇಜಿನ ಮೇಲಿದ್ದ ಟೈಪಾದ ಹಾಳೆಗಳ ಕಟ್ಟಿನತ್ತ ನೋಡಿದಳು. "ಅವರ ಮಾತು ಕೇಳಿ ಎರಡು ವರ್ಷ ಆಯ್ತು. ಕಾಗದ ಬರೆದ್ರೆ ಎರಡೇ ಸಾಲು. ಇದರಲ್ಲಿ ಅವರು ಆಡಿದ ಮಾತಿದ್ರೆ, ಸ್ವಲ್ಪ ಓದ್ತೀರಾ?"

ಇದನ್ನು ಯಾರೂ ಅವರಲ್ಲಿ ಕೇಳಿರಲಿಲ್ಲ. ವಕೀಲರು ಖುಷಿಯಿಂದಲೇ ಕಟ್ಟು ಬಿಚ್ಚಿದರು. ತಮಗೆ ಬಾಯಿಪಾಠವಾಗಿದ್ದ ನಾನೂರ ಹನ್ನೆರಡನೇ ಪುಟ ತೆಗೆದರು.

"'ಕಾವಲು ಬಿಟ್ಟು ಎಲ್ಲಿಗೆ ಹೋದೆ?' 'ಫೋನ್ ಹತ್ರ ಸಾರ್.' 'ಯಾರಿಗೆ ಮಾಡಿದೆ?' 'ಮನೆಗೆ. ಬೆಳಗ್ಗೆಯಿಂದ ಅವಳ ದನಿ ಕೇಳ್ಬೇಕು ಅನ್ನಿಸ್ತಿತ್ತು.' 'ಏನು ಮಾತಾಡಿದೆ?' 'ಮಾತಾಡಲಿಲ್ಲ ಸಾರ್, ಅವಳು ಎತ್ತಲಿಲ್ಲ. ಈಗ ಎತ್ತುತ್ತಾಳೆ, ಈಗ ಎತ್ತುತ್ತಾಳೆ ಅಂತ ನಿಂತೇ ಇದ್ದೆ. ವಾಪಸ್ ಬರೋಷ್ಟರಲ್ಲಿ ಉಗ್ರಾಣದ ಬೀಗ ಒಡೆದಿತ್ತು.'"

ವಕೀಲರು ಹಾಳೆ ಮಗುಚಲು ಹೋದರು.

"ಕಾವಲಲ್ಲಿ ನಿದ್ದೆ ಬಂದುಬಿಡ್ತು ಅಂತ ನಂಗೆ ಬರೆದಿದ್ರು" ಎಂದಳು ಅವಳು.

ವಕೀಲರ ಬೆರಳು ಹಾಳೆಯ ತುದಿಯಲ್ಲೇ ನಿಂತಿತು.

"ಆ ಸಂಜೆ ಮಹಡಿ ಮೇಲೆ ಒಣಗಿದ ಬಟ್ಟೆ ತೆಗೀತಿದ್ದೆ. ಫೋನು ಕೇಳಿಸ್ತು ಸಾರ್. ನಮ್ಮಕ್ಕ ಇರ್ಬೇಕು, ಆಮೇಲೆ ನಾನೇ ಮಾಡಿದ್ರಾಯ್ತು ಅಂದ್ಕೊಂಡೆ."

ವಕೀಲರು ಹಾಳೆ ಮಗುಚದೆ ಕಟ್ಟು ಮುಚ್ಚಿದರು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಮತ್ತೆ ಬಡಿದುಕೊಂಡಿತು. ಅವರು ಎತ್ತಲು ಹೋಗಲಿಲ್ಲ.

ಎರಡನೇ ಸಲ ಬಡಿಯುವ ಮೊದಲೇ ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡಿದ್ದಳು.