ಉಡಿಯೊಳಗಿನ ಎಳೆ ಹುಲ್ಲು

ದನದ ಡಾಕ್ಟರು ಸತ್ತ ಟಗರಿನ ಯಕೃತ್ತನ್ನು ಕೊಯ್ದು ಹಿಚುಕಿದಾಗ, ಒದ್ದೆ ಎಲೆಯಂಥ ಚಪ್ಪಟೆ ಹುಳುಗಳು ಕಲ್ಲಿನ ಮೇಲೆ ಬಿದ್ದು ಹೊರಳಾಡಿದವು. ತಿಂದ ಹುಲ್ಲಿಗೇ ಜೀವ ಬಂತೇ ಎಂದು ಕುರುಬರ ಸಕ್ಕೂಬಾಯಿಗೆ ದಿಗಿಲಾಯಿತು.

"ಇವು ಹೊಟ್ಯಾಗ ಹ್ಯಾಂಗ ಸೇರಿದ್ವು ಸಾಹೇಬ್ರ?"

"ಕೆರಿಯಿಂದ, ಯವ್ವಾ. ಕುರಿ ಹಿಕ್ಕಿಯೊಳಗಿನ ತತ್ತಿ ನೀರಿಗೆ ಬೀಳ್ತಾವ. ಮರಿ ಒಡದು, ಶಂಖದ ಹುಳದ ಮೈಯಾಗ ಹೊಕ್ಕು ಬೆಳೀತಾವ. ಆಮ್ಯಾಲೆ ಹೊರಗ ಬಂದು ದಂಡಿ ಹುಲ್ಲಿಗೆ ಅಂಟಿ ಕುಂದರ್ತಾವ. ಅದನ್ನ ತಿಂದ ಕುರಿ ಹೊಟ್ಟಿಗೆ ಮತ್ತ ಬರ್ತಾವ."

"ಹಂಗಾದ್ರ ಕುರಿಯಿಂದ ಶಂಖದ ಹುಳಕ್ಕ ಹೋತೋ, ಶಂಖದ ಹುಳದಿಂದ ಕುರಿಗೆ ಬಂತೋ?"

"ಎರಡೂ ಖರೇನ."

ಜಕ್ಕಲಿಯ ಹೊಲಗಳಲ್ಲಿ ಒಣ ಜೋಳದ ಕೂಳೆ ಮೇಯುವ ಅವಳ ಗಂಡನ ಕುರಿಹಿಂಡು ಗಟ್ಟಿಮುಟ್ಟಾಗಿತ್ತು. ಕಾಳಗಕ್ಕೆಂದು ಮನೆಯಲ್ಲಿ ಮುದ್ದಿನಿಂದ ಸಾಕಿದ ಎರಡು ಟಗರುಗಳೇ ಸೊರಗಿದ್ದವು. ಅವು ಸೊರಗಿದಷ್ಟೂ ಅವಳು ಕೆರೆಗಿಳಿದು, ನೀರಂಚಿನ ಎಳೆ ಹುಲ್ಲನ್ನೇ ಆರಿಸಿ ತಂದಿದ್ದಳು. ಟಗರುಗಳ ಹಿಕ್ಕೆಯನ್ನು ಹೊಲಕ್ಕೆ ಚೆಲ್ಲಿದ ಬುಟ್ಟಿಯನ್ನು ದಿನಾ ಅದೇ ನೀರಿನಲ್ಲಿ ತೊಳೆದು, ಆಮೇಲೆ ಉಡಿ ತುಂಬ ಹುಲ್ಲು ಕೊಯ್ಯುತ್ತಿದ್ದಳು. ತಾನು ಮಾಡಿದ್ದು ಆರೈಕೆಯೋ, ಮತ್ತೇನೋ?

ಉಳಿದ ಟಗರು ಎಂದಿನಂತೆ ಬಂದು, ಅದೇ ರೋಗಕ್ಕೆ ಬಾತ ಗದ್ದವನ್ನು ಅವಳ ಮೈಗೆ ಒತ್ತಿ ಉಡಿಯನ್ನು ಎಳೆಯಿತು. ಬೆಳಿಗ್ಗೆ ಕೊಯ್ದ ಹುಲ್ಲು ಇನ್ನೂ ಅದರೊಳಗೇ ಇತ್ತು. ಸಕ್ಕೂಬಾಯಿ ಉಡಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು, ಹಸಿದ ಟಗರಿಗೆ ಬೆನ್ನು ಮಾಡಿದಳು.